ತಪ್ಪು ಚೆಂಡು ಒದ್ದವರದಲ್ಲ, ಕಿರ್ದಿ ಬರೆದವರದು

2025ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಮಾಲಕರು ತಮ್ಮ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಪಗಾರ ನಿಲ್ಲಿಸಿರುವುದಾಗಿ ಸಾರಿದರು. ಎಲ್ಲಿಯವರೆಗೆ? ಅನಿರ್ದಿಷ್ಟ ಕಾಲದವರೆಗೆ. ಗಿರಣಿ ಕಾರ್ಮಿಕನಿಗೆ ಈ ಶಬ್ದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೀಗಮುದ್ರೆಯ ನೋಟೀಸಿನಲ್ಲಿ ಅವನು ಇದನ್ನು ಓದಿ ಬಲ್ಲ. ಅಂದಿನಿಂದ ದಾಂಡೇಲಿಯ ಚಹದ ಅಂಗಡಿಗಳಲ್ಲಿ, ಪಾಳಿ ಮುಗಿಸಿ ಬಂದವರ ನಡುವೆ, ಒಂದು ವಾದ ಬೆಳೆದಿದೆ. ನಮ್ಮ ನಾಡಿನಲ್ಲಿ ಕಾಲ್ಚೆಂಡಿನ ತಂಡಗಳು ಒಂದರ ಮೇಲೊಂದು ನೆಲ ಕಚ್ಚುವುದಕ್ಕೆ ಯಾರು ಹೊಣೆ? ಆಡಳಿತ ಮಂಡಳಿಯೋ, ಆಟಗಾರರೋ, ಅಥವಾ ಮೈದಾನಕ್ಕೆ ಬಾರದೆ ಮನೆಯಲ್ಲಿ ಕುಳಿತು ಕ್ರಿಕೆಟ್ ನೋಡುವ ನಾವೇ?

ಕಿರಾಣಿ ಅಂಗಡಿಯ ನನ್ನ ಗೆಳೆಯರೊಬ್ಬರದು ಇನ್ನೂ ನೇರವಾದ ಮಾತು: "ಧಣಿ ತನ್ನ ರೊಕ್ಕ ಹಾಕಿದ್ದ, ಸಾಕಾತು ಅಂತ ತೆಗೆದ. ನೀವ್ಯಾರ್ರೀ ಮಾಸ್ತರ ಕೇಳಾಕ?" ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಲಾಗದು.

ಮೊದಲು ಹಳೆಯ ಲೆಕ್ಕ ನೋಡೋಣ. ಕಾಲ್ಚೆಂಡು ಕಲ್ಕತ್ತೆಯವರ ಆಟ, ನಮ್ಮದಲ್ಲ ಎನ್ನುವವರಿದ್ದಾರೆ. ಇದು ಶುದ್ಧ ಸುಳ್ಳು. ಬಿಳಿಯರ ಪಲಟನ್‌ಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಮೊದಲ ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ನಾಲ್ಕನೆಯದು 1968-69ರಲ್ಲಿ. ಅದರ ಮುಂದಿನದು ಬಂದದ್ದು 2023ರ ಮಾರ್ಚಿನಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ ಬರಿದು. ಇಷ್ಟು ವರ್ಷ ನಮ್ಮ ತಾಯಂದಿರು ಕಾಲಿಲ್ಲದ ಮಕ್ಕಳನ್ನೇ ಹೆತ್ತರೇನು?

ಇಲ್ಲ. ಕಾಲುಗಳು ಇದ್ದವು. ಆ ಕಾಲುಗಳ ಕೆಳಗಿನ ನೆಲವನ್ನು ತೆಗೆದರು. ಆ ನೆಲಕ್ಕೆ ಖಾಯಂ ನೌಕರಿ ಎಂದು ಹೆಸರು.

ಬೆಂಗಳೂರಿನ ಟೆಲಿಫೋನ್ ಕಾರಖಾನೆಯ ಕಥೆಯನ್ನು ಕೇಳಿ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಹುಟ್ಟಿತು, ಸ್ವತಂತ್ರ ಭಾರತ ಕಟ್ಟಿದ ಮೊದಲ ಸರ್ಕಾರಿ ಕಾರಖಾನೆಗಳಲ್ಲಿ ಒಂದು. 1977ರಲ್ಲಿ ದೇಶದ ಮೊದಲ ಫೆಡರೇಶನ್ ಕಪ್ ಎರ್ನಾಕುಲಮ್ಮಿನಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಒಂದು ಕಡೆ ಕಲ್ಕತ್ತೆಯ ಮೋಹನ್ ಬಗಾನ್, ಇನ್ನೊಂದು ಕಡೆ ದೂರವಾಣಿನಗರದ ನೌಕರರ ತಂಡ. ಗೆದ್ದವರು ನೌಕರರು, 1-0. ಕಾರಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ದೇಶದ ಅತಿ ದೊಡ್ಡ ಕ್ಲಬ್ಬನ್ನು ಮಣಿಸಿದರು. ಇದು ಪವಾಡವಲ್ಲ. ಆಟ ಬಲ್ಲ ಹುಡುಗನಿಗೆ ಕಾರಖಾನೆ ನೌಕರಿ ಕೊಡುತ್ತಿತ್ತು. ಅಭ್ಯಾಸಕ್ಕೆ ಬಿಡುವು ಕೊಡುತ್ತಿತ್ತು. ಮೊಣಕಾಲು ಮುರಿದು ಆಟ ನಿಂತರೂ ಪಗಾರ ನಿಲ್ಲುತ್ತಿರಲಿಲ್ಲ. ನಿವೃತ್ತಿಯ ತನಕ ಅನ್ನವಿತ್ತು. ಹಾಗಿದ್ದಾಗ ಬಡವರ ತಾಯಿ ಮಗನನ್ನು ಮೈದಾನಕ್ಕೆ ಧೈರ್ಯವಾಗಿ ಕಳಿಸುತ್ತಿದ್ದಳು. ಟೆಲಿಫೋನ್ ಕಾರಖಾನೆ, ವಿಮಾನ ಕಾರಖಾನೆ, ಬಿ.ಇ.ಎಲ್. – ಬೆಂಗಳೂರಿನ ಆಟವೆಲ್ಲ ಈ ಗೇಟುಗಳ ಒಳಗೇ ಬೆಳೆಯಿತು.

ಹಳಿಯಾಳದ ನಮ್ಮ ಪೈಲವಾನರಿಗೆ ಒಂದು ಮಾತು. ಕುಸ್ತಿಯ ಹುಡುಗ ಒಬ್ಬನೇ ನಸುಕಿನಲ್ಲಿ ಎದ್ದು ಗರಡಿಗೆ ಹೋಗಿ ಸಾಧಿಸಬಲ್ಲ. ಕಾಲ್ಚೆಂಡು ಹಾಗಲ್ಲ. ಹನ್ನೊಂದು ಮಂದಿಗೂ ಒಂದೇ ಹೊತ್ತಿಗೆ ಪಾಳಿ ಬಿಡಬೇಕು. ಆ ಪಾಳಿಯ ಕಾಗದಕ್ಕೆ ಸಹಿ ಹಾಕುವವರು ಯಾರು? ತರಬೇತುದಾರನಲ್ಲ, ಮಂಡಳಿಯ ಸಾಹೇಬರು.

1991ರ ನಂತರ ಹೊಸ ಆರ್ಥಿಕ ನೀತಿ ಬಂತು. ಟೆಲಿಫೋನ್ ಕಾರಖಾನೆ ರೋಗಗ್ರಸ್ತವಾಯಿತು. ಖಾಯಂ ಭರತಿ ಕುಗ್ಗಿತು, ಗುತ್ತಿಗೆ ಬಂತು. 2014ರಲ್ಲಿ ಕೇಂದ್ರ ಸರ್ಕಾರ ಆ ಕಾರಖಾನೆಯ ಪುನಶ್ಚೇತನಕ್ಕೆ 4,156 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೂ 2021ರ ಡಿಸೆಂಬರ್ 1ರಂದು ಅದೇ ಕಾರಖಾನೆಯ ಗೇಟಿನಲ್ಲಿ ಸುಮಾರು 80 ಗುತ್ತಿಗೆ ಕಾರ್ಮಿಕರನ್ನು ಒಳಗೆ ಬಿಡದೆ ತಡೆದರು. ಅವರು ತಿಂಗಳುಗಟ್ಟಲೆ ಹೊರಗೆ ಕುಳಿತು ಧರಣಿ ಮಾಡಿದರು. ಗೇಟಿನ ಹೊರಗೆ ಕುಳಿತ ಮನುಷ್ಯ ಯಾರ ತಂಡಕ್ಕೆ ಆಡಬೇಕು?

ನಷ್ಟದ ಕಾರಖಾನೆ, ಏನು ಮಾಡುವುದು ಎನ್ನುವವರು ವಿಮಾನ ಕಾರಖಾನೆಯನ್ನು ನೋಡಲಿ. ಎಚ್.ಎ.ಎಲ್. ತಂಡ 2010ರಲ್ಲಿ ಎರಡನೆಯ ವಿಭಾಗದಿಂದ ಐ-ಲೀಗಿಗೆ ಏರಿತು. 2011-12ರ ಸಾಲಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಅದೇ ಸಾಲಿನಲ್ಲಿ ಕಂಪನಿಯ ಲಾಭ ಎರಡು ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು! ಆದ್ದರಿಂದ ರೊಕ್ಕವಿಲ್ಲ ಎಂಬ ನೆಪವನ್ನು ದಯವಿಟ್ಟು ನಮ್ಮ ಮುಂದೆ ತರಬೇಡಿ. ಖಜಾನೆ ಬರಿದಾದಾಗಲೂ ತಂಡ ಸತ್ತಿತು, ಖಜಾನೆ ತುಂಬಿದಾಗಲೂ ಸತ್ತಿತು.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳತಕ್ಕದ್ದು. ಎಲ್ಲ ಪಾಪವೂ ಕ್ಲಬ್ಬಿನ ಮಂಡಳಿಯದೇ ಅಲ್ಲ. ಅದರ ಮೇಲೆ ದಿಲ್ಲಿಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕುಳಿತಿದೆ. 2010ರಲ್ಲಿ ಅದು ದೇಶದ ಕಾಲ್ಚೆಂಡಿನ ವ್ಯಾಪಾರದ ಹಕ್ಕನ್ನು 15 ವರ್ಷಗಳಿಗೆ, 700 ಕೋಟಿ ರೂಪಾಯಿಗೆ, ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಬರೆದುಕೊಟ್ಟಿತು. 2013ರಲ್ಲಿ ಲೈಸೆನ್ಸಿನ ನಿಯಮ ತೋರಿಸಿ ಏರ್ ಇಂಡಿಯ ಮತ್ತು ಓ.ಎನ್.ಜಿ.ಸಿ. ತಂಡಗಳನ್ನು ಲೀಗಿನಿಂದ ಹೊರಗೆ ಹಾಕಿತು. ನೌಕರರ ತಂಡಕ್ಕೆ ಸ್ಥಳವಿಲ್ಲ, ಕಂಪನಿಯಾಗಿ ಬನ್ನಿ ಎಂಬುದು ಅದರ ತಾತ್ಪರ್ಯ. ಜೋಯಿಡಾದವರು ಅನಮೋಡ ಘಟ್ಟ ಇಳಿದರೆ ಗೋವೆ. ಅಲ್ಲಿಯ ಸಾಳಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಕ್ಲಬ್ಬುಗಳು 2016ರಲ್ಲಿ ಈ ಫೆಡರೇಶನ್ನಿನ ಯೋಜನೆಯನ್ನು ವಿರೋಧಿಸಿ ರಾಷ್ಟ್ರೀಯ ಲೀಗಿನಿಂದ ಹಿಂದೆ ಸರಿದವು. ಐದು ಸಲ ದೇಶದ ಪಟ್ಟ ಗೆದ್ದ ಡೆಂಪೊ ಮತ್ತೆ ಐ-ಲೀಗಿಗೆ ಬರಲು 2024 ಆಗಬೇಕಾಯಿತು. ಇಲ್ಲಿ ಮಂಡಳಿಗಳ ದೂರಿನಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಬೆಂಗಳೂರು ಕ್ಲಬ್ಬಿನವರೂ ಲೀಗಿನ ಭವಿಷ್ಯವೇ ತಿಳಿಯದು ಎಂದದ್ದು ಸುಳ್ಳಲ್ಲ. 15 ವರ್ಷಗಳ ಆ ಕರಾರು 2025ರ ಡಿಸೆಂಬರಿನಲ್ಲಿ ಮುಗಿಯುವುದಿತ್ತು, ಮುಂದಿನದು ಗೊತ್ತಾಗಿರಲಿಲ್ಲ.

ಆದರೆ ಕರಾರು ತಡವಾದರೆ ಮೊದಲು ನಿಂತದ್ದು ಯಾವುದು? ಪಗಾರ. ಹತ್ತಾರು ವರ್ಷ ದುಡಿಯಬಲ್ಲ ನಮ್ಮಂಥವರ ಹಾಗಲ್ಲ, ಆಟಗಾರನ ಕಾಲಿಗೆ ಹತ್ತು ಹನ್ನೆರಡು ವರ್ಷ ಆಯುಷ್ಯ. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜೆ.ಎಸ್.ಡಬ್ಲ್ಯು. ಸಮೂಹವು 2013ರಲ್ಲಿ ಕಟ್ಟಿದ ತಂಡ ಇದು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದ ತನಕ ಹೋಯಿತು. ಗೆದ್ದ ದಿನ ಮಾಲಕರು ಕಪ್ಪಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಕಷ್ಟದ ದಿನ ಬಂದಾಗ ಅದನ್ನು ಆಟಗಾರನ ಅಡಿಗೆಮನೆಗೆ ಕಳಿಸುತ್ತಾರೆ.

ಪಂಜಾಬಿನ ಫಗವಾಡದ ಜೆ.ಸಿ.ಟಿ. ಬಟ್ಟೆ ಗಿರಣಿಯ ತಂಡವನ್ನು ನೆನೆಯಿರಿ. 1971ರಲ್ಲಿ ಹುಟ್ಟಿ, 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿತು. ಬೈಚುಂಗ್ ಭುಟಿಯ, ಐ.ಎಂ. ವಿಜಯನ್ ಆಗ ಅದರಲ್ಲಿದ್ದರು. 2011ರಲ್ಲಿ ಮಾಲಕರು ಅದನ್ನು ಮುಚ್ಚಿದರು. ಟಿ.ವಿ.ಯಲ್ಲಿ ತೋರಿಸುವುದಿಲ್ಲ, ಕಂಪನಿಗೆ ಪ್ರಚಾರ ಸಿಗುವುದಿಲ್ಲ ಎಂಬ ಅರ್ಥದ ಕಾರಣ ಕೊಟ್ಟರು. ನಲವತ್ತು ವರ್ಷದ ತಂಡ ಅವರ ಕಿರ್ದಿಯಲ್ಲಿ ಜಾಹೀರಾತಿನ ಖರ್ಚು!

ಸರ್ಕಾರದ ಸಾಹೇಬರೂ ಇದಕ್ಕೆ ಹೊರತಲ್ಲ. ನಮ್ಮ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಸಿದ್ದಿ ಮಕ್ಕಳನ್ನು 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಹುಡುಕಿಕೊಂಡು ಬಂತು. ಆಫ್ರಿಕ ಮೂಲದವರು, ಓಡಬಲ್ಲರು, ಪದಕ ತರಬಲ್ಲರು ಎಂದು ಕರೆದೊಯ್ದು ತರಬೇತಿ ಕೊಟ್ಟರು. ಮಕ್ಕಳು ಗೆದ್ದರು ಕೂಡ. 1993ರಲ್ಲಿ ಯೋಜನೆ ನಿಂತಿತು. ಮಕ್ಕಳು ಗಂಟು ಕಟ್ಟಿಕೊಂಡು ಊರಿಗೆ ಬಂದರು, ಕೂಲಿಗೆ ಹೋದರು. ನಿಲ್ಲಿಸುವ ಮುನ್ನ ಗಡಗೇರಿಯಂಥ ಹಾಡಿಗಳಿಗೆ ಬಂದು ಕೇಳಿದವರು ಯಾರು? ಆ ಜನರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ.

ಈಗ ಕಿರಾಣಿ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ರೊಕ್ಕ ಧಣಿಯದೇ ಇರಲಿ. ತಂಡದ ಎದೆಯ ಮೇಲೆ ಬರೆದ ಊರಿನ ಹೆಸರು ಯಾರದು? ಮಳೆಯಲ್ಲಿ ನಿಂತು ಚೀರಿದ ಗಂಟಲು ಯಾರದು? ಸರ್ಕಾರಿ ಕಾರಖಾನೆಯಾದರೆ ರೊಕ್ಕವೂ ನಮ್ಮದೇ. ಅಲ್ಲದೆ ನನ್ನ ಗೆಳೆಯರು ತಮ್ಮ ಉದ್ರಿ ಪುಸ್ತಕವನ್ನೇ ತೆರೆದು ನೋಡಲಿ. ಖಾಯಂ ನೌಕರನಿಗೆ ಅವರು ಕೇಳಿದಷ್ಟು ಉದ್ರಿ ಕೊಡುತ್ತಾರೆ. ಗುತ್ತಿಗೆಯವನು ಬಂದರೆ ಹಿಂದೆ ಮುಂದೆ ನೋಡುತ್ತಾರೆ. ಅವರು ನಂಬದ ನೌಕರಿಯನ್ನು ನಂಬಿ ಒಬ್ಬ ಹುಡುಗ ತನ್ನ ಮೊಣಕಾಲನ್ನು ಪಣಕ್ಕೆ ಹಚ್ಚಬೇಕೇ?

ನಾನು ಶಾಲೆಯಲ್ಲಿದ್ದಾಗ ನನ್ನ ವರ್ಗದಲ್ಲಿ ಅಂಥ ಒಬ್ಬ ಹುಡುಗನಿದ್ದ. ಎರಡೂ ಕಾಲಿನಿಂದ ಒಂದೇ ಬಿರುಸಿನಲ್ಲಿ ಒದೆಯಬಲ್ಲವ. ಆಟದ ಪ್ರಮಾಣಪತ್ರಗಳನ್ನು ಹಿಡಿದು ಒಂದು ಕಾರಖಾನೆಯ ಗೇಟಿಗೆ ಹೋದ. ಭರತಿ ನಮ್ಮ ಕೈಯಲ್ಲಿಲ್ಲ, ಗುತ್ತಿಗೆದಾರನನ್ನು ಕಾಣು ಎಂದರಂತೆ. ಗುತ್ತಿಗೆದಾರ ಪ್ರಮಾಣಪತ್ರ ನೋಡಲಿಲ್ಲ, ತೋಳು ನೋಡಿದ. ಆರು ತಿಂಗಳ ನಂತರ ಸಂತೆಯಲ್ಲಿ ಸಿಕ್ಕು, "ಚೆಂಡು ಬಿಟ್ಟೆ ಸರ, ಭಾನುವಾರಾನೂ ಕರೀತಾರ" ಎಂದ.

ಮಾಲಕರು ನಡೆಸುವ ತಂಡ ಎಂದೂ ಉಳಿಯದು ಎಂದು ನಾನು ಹೇಳುವುದಿಲ್ಲ. ಜರ್ಮನಿಯ ಲೇವರ್ಕೂಸೆನ್ ಊರಿನಲ್ಲಿ ಬಾಯರ್ ಔಷಧ ಕಾರಖಾನೆಯ ನೌಕರನೊಬ್ಬ 1903ರಲ್ಲಿ ತನ್ನ 170 ಸಂಗಾತಿಗಳ ಸಹಿ ಹಾಕಿಸಿ, ನಮಗೊಂದು ಕ್ರೀಡಾ ಸಂಘ ಬೇಕು ಎಂದು ಕಂಪನಿಗೆ ಅರ್ಜಿ ಬರೆದ. 1904ರಲ್ಲಿ ಹುಟ್ಟಿದ ಆ ಸಂಘ 2024ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಜರ್ಮನಿಯ ಲೀಗ್ ಗೆದ್ದಿತು. ಆ ತಂಡ ಇಂದಿಗೂ ಕಂಪನಿಯದೇ. ಆದರೆ ಅಲ್ಲಿಯ ಬಹುತೇಕ ಕ್ಲಬ್ಬುಗಳಲ್ಲಿ ಮತದ ಬಹುಪಾಲು ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವಿದೆ. ಅಷ್ಟು ದೂರವೇಕೆ? 1966ರಲ್ಲಿ ಮನೆಮಠ ಬಿಟ್ಟು ಬಂದು ಮುಂಡಗೋಡದಲ್ಲಿ ನೆಲೆನಿಂತ ಟಿಬೇಟಿಯನ್ನರು, ದಲಾಯಿ ಲಾಮಾ ಅವರ ತಾಯಿಯ ಹೆಸರಿನ ಕಪ್ಪಿಗಾಗಿ ವಸಾಹತುಗಳ ನಡುವೆ ನಡೆಯುವ ಪಂದ್ಯಗಳಿಗೆ ತಮ್ಮ ತಂಡ ಕಳಿಸುತ್ತಾರೆ. ಆ ತಂಡವನ್ನು ಕಾರಖಾನೆ ಸಾಕಿಲ್ಲ, ವಸಾಹತು ಸಾಕಿದೆ. ಮುಚ್ಚಬೇಕೆಂದರೆ ಊರನ್ನೇ ಕೇಳಬೇಕು.

ಆದುದರಿಂದ ಕಾರ್ಮಿಕ ಬಂಧುಗಳೇ, ಗೋಲಿಯನ್ನು ಬಯ್ಯುವುದನ್ನು ಬಿಡಿ. ನೀವು ದುಡಿಯುವ ಗಿರಣಿ ಯಾವುದೇ ಇರಲಿ, ಮುಂದಿನ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿ: ಕಲ್ಯಾಣದ ಖಾತೆಯಲ್ಲಿ ಕ್ರೀಡೆಗೆಂದು ಬರೆದ ಮೊತ್ತ ಎಷ್ಟು, ಖರ್ಚಾದದ್ದು ಎಷ್ಟು; ಆಟಗಾರರೆಂದು ಕಡೆಯ ಸಲ ಖಾಯಂ ಭರತಿ ಆದದ್ದು ಯಾವ ವರ್ಷ; ಕ್ರೀಡಾ ಸಮಿತಿಯಲ್ಲಿ ಕಾರ್ಮಿಕರು ಆರಿಸಿದ ಪ್ರತಿನಿಧಿ ಇದ್ದಾನೆಯೇ, ಗುತ್ತಿಗೆಯ ಹುಡುಗನಿಗೆ ಮೈದಾನದ ಬಾಗಿಲು ತೆರೆದಿದೆಯೇ. ವ್ಯಾಪಾರಿ ಮಿತ್ರರು ಪುರಸಭೆಯಲ್ಲಿ ಮೈದಾನದ ಬಗ್ಗೆ ಇದನ್ನೇ ಕೇಳಲಿ. ಉತ್ತರ ಬರೆಸಿಕೊಂಡು ಪತ್ರಿಕೆಯ ಕಚೇರಿಗೆ ಕಳಿಸಿ, ಅಚ್ಚು ಹಾಕುತ್ತೇವೆ. ಉತ್ತರ ಕೊಡದಿದ್ದರೆ ಅದನ್ನೂ ತಾರೀಖು ಸಹಿತ ಅಚ್ಚು ಹಾಕುತ್ತೇವೆ.