ಬನಶಂಕರಿಯ ನಾಟಕಕ್ಕೆ ಒಂದು ಬಸ್ಸು ಬಿಡಿ

ಪ್ರತಿವರ್ಷ ಡಿಸೆಂಬರ್ ಹೊತ್ತಿಗೆ ನಮ್ಮ ಕಾಲೇಜಿನ ಸೂಚನಾ ಫಲಕದ ಮೇಲೆ ಶೈಕ್ಷಣಿಕ ಪ್ರವಾಸದ ಪಟ್ಟಿ ಬೀಳುತ್ತದೆ. ಹಂಪಿ, ಆಲಮಟ್ಟಿ, ಗೋಳಗುಮ್ಮಟ, ಬಹಳವಾದರೆ ಮುರ್ಡೇಶ್ವರ. ಎಲ್ಲವೂ ನೋಡಬೇಕಾದ ಊರುಗಳೇ, ತಕರಾರಿಲ್ಲ. ಆದರೆ ಆ ಪಟ್ಟಿಯಲ್ಲಿರುವುದೆಲ್ಲ ಕಲ್ಲು ಮತ್ತು ನೀರು. ಎದುರಿಗೆ ನಿಂತು ಹಾಡುವ ಮನುಷ್ಯರನ್ನು ನೋಡಲೆಂದು ನಾವು ಒಮ್ಮೆಯೂ ಹುಬ್ಬಳ್ಳಿ ಬಿಟ್ಟು ಹೋಗಿಲ್ಲ. ಬರುವ ಜನವರಿಯಲ್ಲಿ ಒಂದು ಬಸ್ಸು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಕಡೆ ಹೋಗಬೇಕು, ಅದರಲ್ಲಿ ಹುಡುಗಿಯರಿಗೂ ಸೀಟು ಇರಬೇಕು ಎಂಬುದು ನನ್ನ ಅಭಿಪ್ರಾಯ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬನಶಂಕರಿ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್. ಬನದ ಹುಣ್ಣಿಮೆಗೆ ಅಲ್ಲಿ ತೇರು. ತೇರು ಒಂದು ದಿನದ್ದು, ಆದರೆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಬಳೆ, ಬೆಂಡು ಬತ್ತಾಸು, ಬಾಗಿಲು ಚೌಕಟ್ಟು, ಬುಟ್ಟಿಯಲ್ಲಿ ಜೋಳದ ರೊಟ್ಟಿ ತಂದು ಕೆಂಪು ಚಟ್ನಿ, ಮೊಸರು ಹಾಕಿಕೊಡುವ ಅಜ್ಜಿಯರು, ಎಲ್ಲ ಇವೆ. ಇವುಗಳ ನಡುವೆ ತಗಡು ಬಡಿದು ಕಟ್ಟಿದ ಥಿಯೇಟರುಗಳು. ಬೇರೆ ಬೇರೆ ಊರುಗಳಿಂದ ವೃತ್ತಿ ನಾಟಕ ಕಂಪನಿಗಳು ಬಂದು ಒಂದರ ಪಕ್ಕ ಒಂದು ಬೀಡು ಬಿಟ್ಟಿರುತ್ತವೆ. ಸಂಜೆ ಶುರುವಾದ ಆಟಗಳು ನಸುಕಿನವರೆಗೂ ನಡೆಯುತ್ತವೆ. ಜಾತ್ರೆಯ ಈ ದಿನಗಳ ಗಳಿಕೆಯನ್ನು ನಂಬಿಕೊಂಡೇ ವರ್ಷ ದೂಡುವ ಕಂಪನಿಗಳಿವೆ.

"ಜಾತ್ರೆಗೂ ನಮಗೂ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಿಲ್ಲ. ನನ್ನ ನಾನಿಯ ತವರು ಗುಳೇದಗುಡ್ಡ. ಅವರ ಅಣ್ಣತಮ್ಮಂದಿರು ಬನಶಂಕರಿಯಲ್ಲಿ ಬಳೆ ಅಂಗಡಿ ಹಾಕುತ್ತಿದ್ದವರು, ಈಗ ಅವರ ಮಕ್ಕಳು ಹಾಕುತ್ತಾರೆ. ಕಳೆದ ಜನವರಿಯಲ್ಲಿ ನಾನಿ, ಖಾಲಾ, ಮಾಮು ಮತ್ತು ನಾನು ರೈಲು ಹತ್ತಿ ಹೋಗಿದ್ದು ಆ ಅಂಗಡಿಗೇ. ನಾಟಕ ನೋಡುವ ಹಟ ನಾನಿಯದು.

ಆ ರೈಲಿನ ದಾರಿಯೇ ಕನ್ನಡ ರಂಗಭೂಮಿಯ ದಾರಿ. ಮೊದಲು ಗದಗ. 19ನೇ ಶತಮಾನದ ಕೊನೆಯಲ್ಲಿ ಈ ಭಾಗದಲ್ಲೆಲ್ಲ ಮರಾಠಿ ಸಂಗೀತ ನಾಟಕಗಳ ಅಬ್ಬರವಿದ್ದಾಗ, ಗದಗದಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಕನ್ನಡದಲ್ಲೇ ನಾಟಕ ಬರೆದು, ಮಂಡಳಿ ಕಟ್ಟಿ ಆಡಿಸಿದರು. ಆಮೇಲೆ ಕಂಪನಿಗಳ ಸಾಲೇ ಬಂತು. ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗದ ಕಾಲ ಅದು. ಕಲಾವೈಭವ ನಾಟ್ಯ ಸಂಘದ ಏಣಗಿ ಬಾಳಪ್ಪನವರು ಆ ಕಾಲದವರು. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದರು, ಅಂದರೆ ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗಲೂ ಇದ್ದರು. ನಮ್ಮಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದೇವೆ? ಇಳಕಲ್ಲಿನ ಪಿ.ಬಿ. ಧುತ್ತರಗಿಯವರ ಹೆಸರನ್ನು? ರಾಜಕುಮಾರ್ ಅವರ 1974ರ 'ಸಂಪತ್ತಿಗೆ ಸವಾಲ್' ಚಿತ್ರ ಎಲ್ಲರಿಗೂ ಗೊತ್ತು. ಅದು ಧುತ್ತರಗಿಯವರ ಕಂಪನಿ ನಾಟಕ, ಹಳ್ಳಿ ಹಳ್ಳಿಯಲ್ಲಿ ಆಡಿದ್ದು.

ಇನ್ನೊಂದು ಹೆಸರನ್ನು ನಮ್ಮ ಕಾಲೇಜಿನಲ್ಲಿ ಮುಖ್ಯವಾಗಿ ಹೇಳಲೇಬೇಕು. ಬಾಗಲಕೋಟೆಯಿಂದ ಸ್ವಲ್ಪ ಆಚೆ ಬೀಳಗಿ ಇದೆ. ಅಮೀರ್‌ಬಾಯಿ ಕರ್ನಾಟಕಿ ಮತ್ತು ಗೋಹರ್‌ಬಾಯಿ ಕರ್ನಾಟಕಿ ಹುಟ್ಟಿದ ಊರು. ಇಬ್ಬರೂ ರಂಗದ ಮೇಲೆ ಹಾಡಿದವರು. ಗೋಹರ್‌ಬಾಯಿ ಬಾಲಗಂಧರ್ವರ ಮರಾಠಿ ಕಂಪನಿಯಲ್ಲಿ ನಟಿಸಿದರು. ಅಮೀರ್‌ಬಾಯಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿ ದೇಶಕ್ಕೇ ಹೆಸರಾದರು. ವಿಜಯಪುರದ ಅಮೀರ್ ಟಾಕೀಸು ಅವರದೇ. ರಹಮತ್ ತರೀಕೆರೆಯವರು ಅವರ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹಾಗಿರುವಾಗ ನಾಟಕ ಕಂಪನಿ ನಮ್ಮದಲ್ಲ ಎನ್ನುವುದು ಹೇಗೆ? ಅದರ ಪೆಟ್ಟಿಗೆ ಬಾರಿಸಿದವರಲ್ಲಿ, ಪರದೆ ಬರೆದವರಲ್ಲಿ, ಬಣ್ಣ ಹಚ್ಚಿದವರಲ್ಲಿ ನಮ್ಮ ಮನೆಗಳವರೂ ಇದ್ದಾರೆ.

ಇಷ್ಟು ಹೇಳಿದ ಮೇಲೆ, ನಾನು ನೋಡಿದ ನಾಟಕ ಬಹಳ ಚೆನ್ನಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಅಣ್ಣ, ತಂಗಿ, ಸಾಲ ಕೊಟ್ಟ ಸಾಹುಕಾರ, ಕೊನೆಗೆ ಎಲ್ಲರ ಅಳು. ಕಥೆ ಅರ್ಧಕ್ಕೇ ಗೊತ್ತಾಗುತ್ತದೆ. ನಡುನಡುವೆ ಸಿನಿಮಾ ಹಾಡಿಗೆ ಕುಣಿತ, ಅದಕ್ಕೆ ಕಾರಣವೇ ಬೇಕಿಲ್ಲ. ಕಿವಿ ಹರಿಯುವ ಕ್ಯಾಸಿಯೋ, ರಿದಂ ಪ್ಯಾಡು. ನಾನಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತಿದ್ದರು.

ಆದರೆ ಎರಡನೆಯ ಅಂಕದಲ್ಲಿ ಕರೆಂಟು ಹೋಯಿತು. ತಾಯಿಯ ಪಾತ್ರದ ಹೆಂಗಸು, ಐವತ್ತರ ಮೇಲಿನ ವಯಸ್ಸು ಇರಬೇಕು, ಆಗಷ್ಟೇ ಹಾಡು ಎತ್ತಿದ್ದರು. ಕ್ಯಾಸಿಯೋ ನಿಂತಿತು, ಮೈಕು ಸತ್ತಿತು. ಅವರು ನಿಲ್ಲಿಸಲಿಲ್ಲ. ಮೂಲೆಯಲ್ಲಿದ್ದ ಪೆಟ್ಟಿಗೆ ಮಾಸ್ತರರು ಹಾರ್ಮೋನಿಯಂ ಹಿಡಿದರು, ತಬಲಾದವರು ಸೇರಿಕೊಂಡರು. ಜನ ಒಬ್ಬೊಬ್ಬರಾಗಿ ಮೊಬೈಲ್ ಟಾರ್ಚ್ ಹಾಕಿದರು. ಆ ದನಿ ಹಿಂದಿನ ತಗಡಿನವರೆಗೂ ಮುಟ್ಟುತ್ತಿತ್ತು. ಅಲ್ಲಿಯವರೆಗೆ ಸೀಟಿ ಹೊಡೆಯುತ್ತಿದ್ದ ಹಿಂದಿನ ಸಾಲಿನ ಹುಡುಗರು ಸುಮ್ಮನಾದರು. ಜನರೇಟರ್ ಶುರುವಾಗುವಷ್ಟರಲ್ಲಿ ಹಾಡು ಮುಗಿದಿತ್ತು. ಆಗ ಆ ಹುಡುಗರೇ "ಒನ್ಸ್ ಮೋರ್" ಎಂದು ಕೂಗಿದರು. ಅವರು ಮತ್ತೊಮ್ಮೆ ಹಾಡಿದರು, ಈ ಸಲ ಮೈಕು ಇದ್ದೂ ಅದರಿಂದ ಒಂದು ಹೆಜ್ಜೆ ದೂರ ನಿಂತು. ನಗರದ ಸಭಾಂಗಣದಲ್ಲಿ ಪಾಸು ಹಿಡಿದು, ಮುಖ್ಯ ಅತಿಥಿಗಳ ಭಾಷಣ ಕೇಳಿ, ಒಂದೂವರೆ ತಾಸಿನ ನಾಟಕ ನೋಡಿ ಬರುವ ನಮಗೆ ಇದು ಸಿಗುವುದಿಲ್ಲ. ಅಲ್ಲಿ ನಾವು ಕೊನೆಗೊಮ್ಮೆ ಚಪ್ಪಾಳೆ ತಟ್ಟುತ್ತೇವೆ. ಇಲ್ಲಿ ನೋಡುವವರು ಕೇಳಿದರೆ ಹಾಡು ಮತ್ತೆ ಬರುತ್ತದೆ.

ಇನ್ನು ಎಲ್ಲರೂ ಎತ್ತುವ ಆಕ್ಷೇಪ: ಕಂಪನಿ ನಾಟಕ ಎಂದರೆ ಎರಡರ್ಥದ ಮಾತು, ಮರ್ಯಾದಸ್ಥರು ನೋಡುವಂಥದ್ದಲ್ಲ. ಎರಡರ್ಥದ ಮಾತು ಇದೆ. ನಾನೇ ಕೇಳಿದ್ದೇನೆ. ಆದರೆ ನಾನು ಅದನ್ನು ಕೇಳಿದ ರೀತಿಯನ್ನು ಹೇಳಬೇಕು. ನಾವು ನೋಡಿದ್ದು ಸಂಜೆಯ ಮೊದಲ ಆಟ. ಮುಂದಿನ ಸಾಲುಗಳಲ್ಲಿ ಹಳ್ಳಿಗಳಿಂದ ಬಂದ ಹೆಂಗಸರು, ಮಕ್ಕಳು. ಹಾಸ್ಯದ ಪಾತ್ರದವನು ಒಂದೆರಡು ಸಲ ಜಾರುವಂತೆ ಮಾಡಿ ಮಾತು ತಿರುಗಿಸಿಕೊಂಡ, ಜನ ನಕ್ಕರು, ಮುಗಿಯಿತು. ರಾತ್ರಿ ಬಳೆ ಅಂಗಡಿಯ ಹಿಂದೆ ಮಲಗಿದ್ದಾಗ ಅದೇ ಥಿಯೇಟರಿನ ಕಡೆಯ ಆಟ ಸ್ಪೀಕರಿನಲ್ಲಿ ಕೇಳುತ್ತಿತ್ತು. ಅದೇ ದೃಶ್ಯ, ಅದೇ ನಟ. ಈಗ ಮಾತೇ ಬೇರೆ. ಖಾಲಾ ಎದ್ದು ನನ್ನ ಕಿವಿಯ ಕಡೆ ದಿಂಬು ಒತ್ತಿದರು. ತಾಯಿಯ ಹಾಡು ಬರಲೇ ಇಲ್ಲ. ಆ ಜಾಗದಲ್ಲಿ ಒಂದು ಕುಣಿತ ಬಂತು.

ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಆ ಕಂಪನಿಯ ಮ್ಯಾನೇಜರ್ ಸಿಕ್ಕಾಗ ಮಾಮು ಇದನ್ನೇ ಕೇಳಿದರು. ಆತ ಬೇಸರ ಮಾಡಿಕೊಳ್ಳಲಿಲ್ಲ. "ಕಡೀ ಆಟಕ್ಕ ಯಾರ್ ಬರ್ತಾರ್ರೀ ಸಾಹೇಬ್ರ? ಹಾಡು ಇಟ್ರ ಎದ್ದು ಬೀಡಿ ಸೇದಾಕ ಹೊಕ್ಕಾರ. ಜಾಗದ ಬಾಡಿಗಿ ಕೊಡಬೇಕು, ಜನರೇಟರಿಗೆ ಡೀಸೆಲ್ ಹಾಕಬೇಕು, ಮೂವತ್ತು ಮಂದಿಗೆ ಊಟ ಹಾಕಬೇಕು. ನಿಮ್ಮಂಥವ್ರು ಬರ್ರಿ, ಹಾಡೇ ಇಡ್ತೀನಿ," ಎಂದರು.

ನನಗೆ ಈ ಮಾತು ಸರಿ ಎನಿಸಿತು. ನಾಟಕ ಕೆಟ್ಟಿದೆ ಎಂದು ದೂರುವವರು ಟಿಕೆಟ್ ಕೊಳ್ಳುವವರಲ್ಲ, ಕೊಳ್ಳುವವರು ದೂರುವುದಿಲ್ಲ. ಮರ್ಯಾದಸ್ಥರೆಲ್ಲ ಮನೆಯಲ್ಲಿ ಕುಳಿತರೆ ಕಂಪನಿ ಯಾರಿಗಾಗಿ ಆಡಬೇಕು? ಹುಡುಗಿಯರು ಹೋಗಬಾರದು ಎನ್ನುವುದರಲ್ಲೂ ಇದೇ ತಿರುಗುಮುರುಗು ಇದೆ. ಅಲ್ಲಿ ಕೆಟ್ಟ ಮಾತು ಇದೆ, ಅದಕ್ಕೆ ಹೆಣ್ಣುಮಕ್ಕಳು ಬೇಡ ಎನ್ನುತ್ತೇವೆ. ಹೆಣ್ಣುಮಕ್ಕಳು ಕೂತಿದ್ದ ಆಟದಲ್ಲಿ ಕೆಟ್ಟ ಮಾತು ಕಡಿಮೆ ಇತ್ತು ಎಂಬುದು ನನ್ನ ಕಿವಿಯೇ ಕೇಳಿದ್ದು. ಒಂದೇ ರಾತ್ರಿಯ ಎರಡು ಆಟದಿಂದ ಎಲ್ಲ ಕಂಪನಿಗಳ ಬಗ್ಗೆ ಹೇಳಲಾಗದು ಎಂದು ನಮ್ಮ ತರ್ಕಶಾಸ್ತ್ರದ ಉಪನ್ಯಾಸಕರು ಖಂಡಿತ ಹೇಳುತ್ತಾರೆ. ಒಪ್ಪುತ್ತೇನೆ, ಸರ್. ಅದಕ್ಕೇ ಇನ್ನೂ ಐವತ್ತು ಜೋಡಿ ಕಿವಿಗಳನ್ನು ಕಳಿಸಿ ಎನ್ನುತ್ತಿದ್ದೇನೆ.

ಖರ್ಚಿನ ವಿಷಯದಲ್ಲಿ ಇದು ಹಂಪಿಗಿಂತ ಹೆಚ್ಚಿನದಲ್ಲ. ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ಗುಹೆಗಳನ್ನು ನೋಡಬಹುದು, ಇತಿಹಾಸ ವಿಭಾಗದವರಿಗೂ ಸಮಾಧಾನ. ಮಗ್ರಿಬ್ ಮುಗಿಸಿ ಮೊದಲ ಆಟ. ಆಟ ಮುಗಿದ ಕೂಡಲೇ ಹೊರಟರೆ ಮನೆ ಸೇರುವುದು ತಡವಾಗುತ್ತದೆ, ನಿಜ. ಆದ್ದರಿಂದ ಹುಡುಗಿಯರ ಜೊತೆ ಅಮ್ಮಿಯರಿಗೂ ಬರಲು ಅವಕಾಶವಿರಲಿ. ಎಷ್ಟೋ ಅಮ್ಮಿಯರು ನಮಗಿಂತ ಮೊದಲು ತಯಾರಾಗುತ್ತಾರೆ ಎಂದು ನನ್ನ ಅನುಮಾನ. ಹೋಗುವ ಮೊದಲೇ ಕಂಪನಿಗೆ ಫೋನ್ ಮಾಡಿ, ಕಾಲೇಜಿನ ಐವತ್ತು ಮಂದಿ ಟಿಕೆಟ್ ಕೊಂಡು ಬರುತ್ತೇವೆ, ಹಾಡುಗಳನ್ನು ಬಿಡಬೇಡಿ ಎಂದು ಹೇಳಬೇಕು. ಇದು ಮರೆಯಬಾರದ ಕೆಲಸ. ಪಾಸು ಕೇಳಬಾರದು.

ಜನವರಿಯಲ್ಲಿ ದ್ವಿತೀಯ ಪಿಯುಸಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಚಿಂತೆ ಇರುವುದರಿಂದ ಬಸ್ಸು ಪ್ರಥಮ ವರ್ಷದವರದಾಗಿರಲಿ. ಹಾಗಾದರೆ ನನಗೆ ಸೀಟು ಸಿಗುವುದಿಲ್ಲ, ಪರವಾಗಿಲ್ಲ. ಹೆಸರು ಬರೆಸುವ ಹಾಳೆಯನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟರೆ ಸಾಕು. ಹೊರಗಿನವರಿಗೆ ಅವಕಾಶವಿದ್ದರೆ ನಾನಿಯ ಹೆಸರನ್ನು ಮಾತ್ರ ನಾನು ಬರೆಯುತ್ತೇನೆ. ಆ ತಾಯಿಯ ಪಾತ್ರದವರು ಈ ವರ್ಷವೂ ಬರುತ್ತಾರೋ ಇಲ್ಲವೋ ಎಂದು ಅವರು ಈಗಿನಿಂದಲೇ ಗುಳೇದಗುಡ್ಡಕ್ಕೆ ಫೋನ್ ಮಾಡಿ ಕೇಳುತ್ತಿದ್ದಾರೆ.