ಫೋನು ಮಕ್ಕಳ ಕಡೆಗೂ ತಿರುಗಲಿ

ಬೋಧನಾಭ್ಯಾಸದ ಮೊದಲ ವಾರ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡಲು 22 ಸ್ಲೈಡ್‌ಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಪರದೆಯ ಮೇಲೆ ತರಂಗಗಳು ಓಡಿದವು, ಮಕ್ಕಳು ಸದ್ದಿಲ್ಲದೆ ನೋಡಿದರು. ವೀಕ್ಷಣಾ ನಮೂನೆಯಲ್ಲಿ ‘ತಂತ್ರಜ್ಞಾನದ ಬಳಕೆ’ಗೆ ಒಳ್ಳೆಯ ಅಂಕ ಬಂತು. ನನಗೂ ಖುಷಿಯಾಯಿತು. ಆದರೆ ಆ ನಲವತ್ತು ನಿಮಿಷಗಳಲ್ಲಿ ಯಾವ ಮಗುವಿಗೆ ಏನು ತಿಳಿಯಿತು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಅಂಕ ಬಂದದ್ದು ನಾನು ತೋರಿಸಿದ್ದಕ್ಕೆ. ಮಕ್ಕಳು ಕಲಿತದ್ದು ಅದರಲ್ಲಿ ಎಲ್ಲೂ ಇರಲಿಲ್ಲ.

ಪ್ರಶಿಕ್ಷಣಾರ್ಥಿಗಳಾದ ನಾವು ಡಿಜಿಟಲ್ ಸಾಧನಗಳನ್ನು ಕಲಿಯುವುದು ಬಹುಪಾಲು ತೋರಿಸುವುದಕ್ಕಾಗಿ. ಮಕ್ಕಳು ತಮ್ಮ ಕಲಿಕೆಯನ್ನು ಹಂಚಿಕೊಳ್ಳಲು ನೆರವಾಗುವ ಸಾಧನವನ್ನು ನಾವು ಮೊದಲು ಕಲಿಯಬೇಕು, ಕಾಲೇಜೂ ಅದನ್ನು ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಾದ ಒಂದು ಅನುಭವವನ್ನು ಹೇಳುತ್ತೇನೆ.

ಎರಡನೇ ವಾರ ಶಾಲೆಯಲ್ಲಿ ಕರೆಂಟಿರಲಿಲ್ಲ. ಸ್ಲೈಡ್ ಬಿಟ್ಟು, ನನ್ನ ಫೋನಿನ ವಾಯ್ಸ್ ರೆಕಾರ್ಡರ್ ತೆಗೆದೆ. ಐದೈದು ಮಕ್ಕಳ ಗುಂಪು ಮಾಡಿ, ಪಾಠದಲ್ಲಿ ತಿಳಿದ ಒಂದು ಸಂಗತಿಯನ್ನು ತಮ್ಮನಿಗೋ ತಂಗಿಗೋ ಹೇಳುವಂತೆ ಒಂದು ನಿಮಿಷದಲ್ಲಿ ಹೇಳಿ ಎಂದೆ. ಮೊದಲ ಪ್ರಯತ್ನ ಕೆಟ್ಟಿತು. ತರಗತಿಯ ಗದ್ದಲದಲ್ಲಿ ಯಾರ ಮಾತೂ ಕೇಳಿಸಲಿಲ್ಲ, ಯಾವ ಫೈಲು ಯಾವ ಗುಂಪಿನದು ಎಂದೂ ಗೊತ್ತಾಗಲಿಲ್ಲ. ಮರುದಿನ ಗುಂಪುಗಳನ್ನು ಒಂದೊಂದಾಗಿ ಮರದಡಿಗೆ ಕಳಿಸಿದೆ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಲು ಹೇಳಿದೆ, ಫೈಲಿಗೆ ಗುಂಪಿನ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ನಾನು ಕಲಿತ ‘ತಂತ್ರಜ್ಞಾನ’ ಇಷ್ಟೇ.

ಕಿರುಪರೀಕ್ಷೆಯಲ್ಲಿ ಪೂರ್ಣ ಅಂಕ ತೆಗೆದ ಹುಡುಗಿಯೊಬ್ಬಳ ದನಿ ಮೂರನೇ ಗುಂಪಿನ ಫೈಲಿನಲ್ಲಿತ್ತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್ ಎಂದು ಸರಿಯಾಗಿಯೇ ಹೇಳಿದಳು. ಅದರ ಬೆನ್ನಿಗೇ, “ಗಂಟೆಯನ್ನು ಜೋರಾಗಿ ಹೊಡೆದರೆ ಶಬ್ದ ಬೇಗ ಬಂದು ಮುಟ್ಟುತ್ತದೆ” ಎಂದೂ ಸೇರಿಸಿದಳು. ಸಂಖ್ಯೆ ಬಾಯಿಗೆ ಬಂದಿತ್ತು, ಅರ್ಥ ತಲೆಗೆ ಹೋಗಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಈ ತಪ್ಪು ನನಗೆ ಕಂಡೇ ಇರಲಿಲ್ಲ, ಏಕೆಂದರೆ ನಾನು ಕೇಳಿದ್ದು ಸಂಖ್ಯೆಯನ್ನು ಮಾತ್ರ.

ಆ ಗುಂಪಿನ ಒಪ್ಪಿಗೆ ಕೇಳಿ, ಫೈಲನ್ನು ತರಗತಿಯಲ್ಲಿ ಕೇಳಿಸಿದೆ. ತಪ್ಪು ಎಂದು ನಾನು ಹೇಳಲಿಲ್ಲ. ಸುಮಾರು ಮಕ್ಕಳು ಅವಳ ಮಾತೇ ಸರಿ ಎಂದರು. ಆಗ ಹಿಂದಿನ ಬೆಂಚಿನಲ್ಲಿದ್ದ, ಪಾಠದಲ್ಲಿ ಅಷ್ಟಾಗಿ ಬಾಯಿಬಿಡದ ಹುಡುಗ ಎದ್ದ. “ಮಿಸ್, ಹಂಗಾದ್ರೆ ದೂರ ನಿಂತು ವಾಲಗ ಕೇಳಿದ್ರೆ ಡೋಲು ಮೊದಲು ಕೇಳ್ಬೇಕು, ನಾಗಸ್ವರ ಆಮೇಲೆ. ತಾಳನೇ ತಪ್ಪೋಗುತ್ತಲ್ಲ?” ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಚರ್ಚೆ ಶುರುವಾಯಿತು. ಜೋರು ಎಂದರೆ ಕಂಪನದ ಪಾರ ಹೆಚ್ಚು, ಅದರಿಂದ ವೇಗ ಹೆಚ್ಚುವುದಿಲ್ಲ ಎಂಬಲ್ಲಿಗೆ ಮಕ್ಕಳೇ ಬಂದು ತಲುಪಿದರು. ಆ ಹುಡುಗಿ ತಾನಾಗಿಯೇ ಫೋನು ಕೇಳಿ ಇನ್ನೊಮ್ಮೆ ರೆಕಾರ್ಡ್ ಮಾಡಿದಳು. ನನ್ನ 22 ಸ್ಲೈಡ್‌ಗಳಲ್ಲಿ ವಾಲಗದ ಉದಾಹರಣೆ ಇರಲಿಲ್ಲ. ನನಗೆ ಅದು ಹೊಳೆದೂ ಇರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಸಹಪಾಠಿಗಳೇ ಹೇಳಿದ್ದಾರೆ. ಐವತ್ತು ಮಕ್ಕಳಿಗೆ ಒಂದು ಫೋನು ಸಾಕೇ? ಗುಂಪು ಮಾಡಿದರೆ ಸಾಕಾಗುತ್ತದೆ. ಹತ್ತು ಗುಂಪಿಗೆ ಹತ್ತು ನಿಮಿಷದ ಧ್ವನಿ, ಕೇಳಿಸುವುದಕ್ಕೆ ಎರಡನ್ನು ಆರಿಸಿಕೊಂಡರಾಯಿತು. ಪಾಠ ಮುಗಿಯುತ್ತದೆಯೇ? ನನಗೆ ಒಂದು ಅವಧಿ ಹೆಚ್ಚು ಬೇಕಾಯಿತು, ನಿಜ. ಆದರೆ ಆ ತಪ್ಪು ತಿಳಿವಳಿಕೆಯನ್ನು ಹಾಗೆಯೇ ಬಿಟ್ಟು ಮುಗಿಸಿದ್ದರೆ ಅದನ್ನು ಪಾಠ ಮುಗಿದದ್ದು ಎನ್ನಬಹುದೇ?

ಮಕ್ಕಳ ಗೋಪ್ಯತೆಯ ಪ್ರಶ್ನೆ ಇವೆರಡಕ್ಕಿಂತ ದೊಡ್ಡದು. ಮಕ್ಕಳ ದನಿ, ಮುಖ ನಮ್ಮ ಸ್ಟೇಟಸ್‌ಗೆ ಹಾಕುವ ವಸ್ತುಗಳಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮುಖ್ಯೋಪಾಧ್ಯಾಯರ ಅನುಮತಿ, ಪೋಷಕರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿದ್ದೆ. ಹೆಸರು ಹೇಳಿಸಲಿಲ್ಲ, ಫೈಲುಗಳನ್ನು ತರಗತಿಯಿಂದ ಹೊರಗೆ ಯಾರಿಗೂ ಕಳಿಸಲಿಲ್ಲ, ಘಟಕ ಮುಗಿದ ಮೇಲೆ ಅಳಿಸಿದೆ. ಇದೂ ಸಾಧನವನ್ನು ಕಲಿಯುವುದರ ಭಾಗವೇ.

ಎನ್‌ಸಿಟಿಇಯ 2014ರ ನಿಯಮಾವಳಿಯೊಂದಿಗೆ ಬಿ.ಇಡ್. ಎರಡು ವರ್ಷದ್ದಾಯಿತು, ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆಯೂ ಪಠ್ಯಕ್ರಮಕ್ಕೆ ಬಂತು. ‘ವಿಮರ್ಶಾತ್ಮಕ’ ಎಂಬ ಪದವನ್ನು ನಾವು ಗಂಭೀರವಾಗಿ ತೆಗೆದುಕೊಂಡರೆ, ಸಾಧನ ಯಾವುದು ಎಂಬುದರ ಜೊತೆಗೆ ಅದು ಯಾರ ಕೈಯಲ್ಲಿದೆ ಎಂದೂ ಕೇಳಬೇಕಾಗುತ್ತದೆ.

ಹಾಗಾಗಿ ನಮ್ಮ ಅಧ್ಯಾಪಕರಲ್ಲಿ ಎರಡು ವಿನಂತಿ. ಪಾಠಯೋಜನೆಯಲ್ಲಿ ‘ಬಳಸಿದ ಸಾಧನ’ ಎಂಬ ಕಲಮಿನ ಪಕ್ಕದಲ್ಲಿ ‘ಅದರಿಂದ ಮಕ್ಕಳು ಹಂಚಿಕೊಂಡದ್ದು’ ಎಂಬ ಇನ್ನೊಂದು ಕಲಮು ಇರಲಿ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ, ವಿವರಿಸುವ ಕೌಶಲಗಳ ಜೊತೆಗೆ, ಮಗುವಿನ ಒಂದು ನಿಮಿಷದ ಮಾತನ್ನು ಕೇಳಿ ಮುಂದಿನ ಹೆಜ್ಜೆ ನಿರ್ಧರಿಸುವ ಅಭ್ಯಾಸವನ್ನೂ ಮಾಡಿಸಿ. ಸಹಪಾಠಿಗಳಿಗೆ ಹೇಳುವುದಿಷ್ಟೇ: ಹೊಸ ಆ್ಯಪ್ ಹುಡುಕುವ ಮೊದಲು ಫೋನಿನಲ್ಲಿ ಈಗಾಗಲೇ ಇರುವ ರೆಕಾರ್ಡರನ್ನು ಒಮ್ಮೆ ಮಕ್ಕಳ ಕೈಗೆ ಕೊಟ್ಟು ನೋಡಿ. ಮುಂದಿನ ಪಾಠ ಎಲ್ಲಿಂದ ಶುರುಮಾಡಬೇಕೆಂದು ಅವರೇ ಹೇಳುತ್ತಾರೆ.