ಕೇಬಲ್ಲಿನೊಳಗಿನ ಉಳಿಕೆ

2020ರ ಅಕ್ಟೋಬರ್ 12ನ್ನು ನಮ್ಮ ಕಡೆಯ ಬಂಧುಗಳು ಮರೆತಿರಲಾರರು. ಕಳವಾ-ಪಡಘೆ ನಡುವಿನ 400 ಕಿಲೋವೋಲ್ಟ್ ಮಾರ್ಗಗಳು ಕೈಕೊಟ್ಟು, ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ವಿದ್ಯುತ್ ಹೋಗಿ, ಲೋಕಲ್ ಗಾಡಿಗಳು ಹಾದಿಯಲ್ಲೇ ನಿಂತವಷ್ಟೆ. ಮಹಾನಗರಕ್ಕೆ ಹೊರಗಿನಿಂದ ಕರೆಂಟು ತರುವ ಹಾದಿಗಳು ಇನ್ನೂ ಬೇಕೆಂಬ ಮಾತು ಆಗ ಗಟ್ಟಿಯಾಯಿತು. ಅಂಥದೊಂದು ಹಾದಿ ಕುಡೂಸ್‌ನಿಂದ ಆರೇಗೆ: 1000 ಮೆಗಾವ್ಯಾಟ್ ಹೊರುವ, ಸುಮಾರು 80 ಕಿಲೋಮೀಟರ್ ಉದ್ದದ ನೇರ ವಿದ್ಯುತ್ ಮಾರ್ಗ. ಇದರಲ್ಲಿ ಸುಮಾರು 50 ಕಿಲೋಮೀಟರ್ ನೆಲದಡಿಯ ಕೇಬಲ್. ತೆರೆದ ತಂತಿಗೆ ಗಾಳಿಯೇ ಹೊದಿಕೆ. ನೆಲದಡಿಯ ತಂತಿಯ ಆಯುಷ್ಯವೆಲ್ಲ ಅದರ ಹೊದಿಕೆಯ ಕೈಯಲ್ಲಿದೆ.

ಇಂಥ ಕೇಬಲ್ಲುಗಳಿಗೆ ಈಗ ಬಹುಮಟ್ಟಿಗೆ ಪಾಲಿಎಥಿಲೀನ್ ಹೊದಿಕೆ. ಅದು ಬಿಸಿಗೆ ಮೆತ್ತಗಾಗುವ ವಸ್ತು. ಆದುದರಿಂದ ಡೈಕ್ಯುಮೈಲ್ ಪೆರಾಕ್ಸೈಡ್ ಬೆರೆಸಿ, ಕಾಯಿಸಿ, ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತಾರೆ. ಹೆಣಿಗೆ ಮುಗಿದರೂ ಪೆರಾಕ್ಸೈಡ್ ಒಡೆದ ಚೂರುಗಳು ಒಳಗೇ ಉಳಿಯುತ್ತವೆ: ಅಸಿಟೋಫೀನೋನ್, ಕ್ಯುಮೈಲ್ ಆಲ್ಕೊಹಾಲ್, ಮೀಥೇನ್.

ಉಳಿದರೇನು ಎನ್ನುವಿರಾ? ಮನೆಗೆ ಬರುವ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ಹೊದಿಕೆಯೊಳಗಿನ ವಿದ್ಯುತ್ಕಣಗಳಿಗೆ ಒಂದೆಡೆ ಕೂರಲು ಪುರುಸೊತ್ತಿಲ್ಲ. ನೇರ ವಿದ್ಯುತ್ತಿನ ಒತ್ತಡ ತಿಂಗಳುಗಟ್ಟಲೆ ಒಂದೇ ಕಡೆಗೆ. ಕಚೇರಿಯಲ್ಲಿ ಫೈಲುಗಳು ಬಂದು ಹೋಗುತ್ತಿದ್ದರೆ ಮೇಜು ಹಗುರ, ಬರುವುದೊಂದೇ ಆದರೆ ಗುಡ್ಡೆ. (ಗುಮಾಸ್ತರಾದ ನಮಗೆ ಬೇರೆ ಹೋಲಿಕೆ ಹೊಳೆಯದು.) ಈ ಉಳಿಕೆಗಳಿಂದ ಹುಟ್ಟಿದ ಧನ ಕಣಗಳು ಋಣದ ಕಡೆಗೂ ಋಣ ಕಣಗಳು ಧನದ ಕಡೆಗೂ ಸರಿದು, ಅಂಚಿನಲ್ಲಿ ಕೂಡಿಕೊಳ್ಳುತ್ತವೆ. ಆ ಅಂಚಿನಲ್ಲಿ ಹೊದಿಕೆಯ ಮೇಲಿನ ಒತ್ತಡ ಎಂಜಿನಿಯರರ ಲೆಕ್ಕ ಮೀರಿ ಏರುತ್ತದೆ. ಹೊರಗಿನ ಮೀಟರು ಮಾತ್ರ ಎಂದಿನ ಅಂಕಿಯನ್ನೇ ತೋರಿಸುತ್ತಿರುತ್ತದೆ! ಏರಿದ್ದು ಅತಿಯಾದರೆ ಹೊದಿಕೆ ತೂತು ಬೀಳುತ್ತದೆ. ಆಮೇಲೆ ರಸ್ತೆ ಅಗೆಯಬೇಕು.

ಇದಕ್ಕೆ ಮದ್ದು ತಾಳ್ಮೆ. ಕೇಬಲ್ಲಿನ ಸುರುಳಿಗಳನ್ನು ಸುಮಾರು 60ರಿಂದ 80 ಡಿಗ್ರಿ ಬಿಸಿಯ ಕೋಣೆಯಲ್ಲಿ ದಿನಗಟ್ಟಲೆ, ದಪ್ಪವಿದ್ದರೆ ವಾರಗಟ್ಟಲೆ ಇಟ್ಟು ಉಳಿಕೆಯನ್ನು ಹೊರಡಿಸುತ್ತಾರೆ. ಅವಸರಕ್ಕೆ ಬಿಸಿ ಹೆಚ್ಚಿಸುವಂತಿಲ್ಲ, ಮೆತ್ತಗಾದ ಹೊದಿಕೆ ಸುರುಳಿಯ ಭಾರಕ್ಕೆ ಚಪ್ಪಟೆಯಾದೀತು. ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲೆ ಒಣಗಿ ಒಳಗೆ ಹಸಿ ಉಳಿದ ಸಂಡಿಗೆಯನ್ನು ಅವರು ಡಬ್ಬಿಗೆ ತುಂಬುವುದಿಲ್ಲ. ಕೇಬಲ್ಲಿನಲ್ಲಿಯೂ ಹಗುರವಾದ ಮೀಥೇನ್ ಬೇಗ ಹೊರಡುತ್ತದೆ. ಬೆಂಕಿ ಹತ್ತುವ ಅನಿಲ ಹೋಯಿತೆಂದು ಕೋಣೆಯ ಬಾಗಿಲು ತೆರೆದರೆ, ಅಸಿಟೋಫೀನೋನ್ ಇನ್ನೂ ಒಳಗೇ ಇರುತ್ತದೆ.

ಪೆರಾಕ್ಸೈಡೇ ಬೇಡದ ಪಾಲಿಪ್ರೊಪಿಲೀನ್ ಹೊದಿಕೆಯ ಕೇಬಲ್ಲುಗಳನ್ನೂ ಯುರೋಪಿನಲ್ಲಿ ತಯಾರಿಸುತ್ತಿದ್ದಾರೆ.